ಸಮುದ್ರ ದಾಟುವಷ್ಟು ಹಗುರ

ಸ್ಟುಡಿಯೋದ ಹಿಂದಿನ ಕೋಣೆ
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಮುದ್ದಿನ ಮಗಳೇ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತಾ? ಆ ನಡುಗಡ್ಡೆಯಲ್ಲಿ ಗಾಳಿಯ ವೇಗ ಅಳೆಯುವ ಸಂಭ್ರಮದಲ್ಲಿ ನೀನು ಊಟವನ್ನೇ ಮರೆಯುತ್ತೀಯ ಎಂದು ನಿನ್ನಮ್ಮ ಗೊಣಗುತ್ತಲೇ ಇರುತ್ತಾಳೆ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮಗಳು ಇಲ್ಲೇ ನನ್ನ ಪಕ್ಕದ ಬೆಂಚಿನ ಮೇಲೆ, ಸ್ಟುಡಿಯೋದ ಹಳೆಯ ಪರದೆ ಹೊದ್ದು ಮಲಗಿದ್ದಾಳೆ. ಕಿಟಕಿಯ ಬಿಸಿಲು ಅವಳ ಪಾದದವರೆಗೆ ಬಂದು ನಿಂತಿದೆ. ಇಂಥ ಹೊತ್ತಿನಲ್ಲಿ ಮಲಗಿರುವುದು ನೀನೋ ಅವಳೋ ಎಂದು ನನಗೇ ಗೊಂದಲ.

ಹೋದ ಸಲ ನೀನು ಬರೆದದ್ದು ಮನಸ್ಸಿನಿಂದ ಇಳಿಯುತ್ತಲೇ ಇಲ್ಲ. ಅಲ್ಲಿ ನೆಟ್ ತೀರಾ ನಿಧಾನ, ನಮ್ಮ ಸ್ಟುಡಿಯೋದ ವೆಬ್‌ಸೈಟ್ ತೆರೆದು ಕೂತರೆ ಮಗಳ ಮುಖದ ಜಾಗದಲ್ಲಿ ಬರೀ ಬೂದು ಚೌಕ ಬರುತ್ತದೆ ಎಂದೆ. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಆದರೆ ಕೊನೆಯಲ್ಲಿ, "ನಾನು ಬರೋ ಹೊತ್ತಿಗೆ ಅವಳು ನನ್ನನ್ನ ಮರೆತೇಬಿಟ್ಟಿರ್ತಾಳೆ ಅಪ್ಪಾ" ಎಂದಿದ್ದೀಯಲ್ಲ, ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಸಮಾಧಾನ ಹೇಳೋಣವೆಂದರೆ ನನಗೂ ಅದೇ ಭಯವಿತ್ತು. ಎರಡು ವರ್ಷವೂ ತುಂಬದ ಕೂಸು ಅದು.

ಬೂದು ಚೌಕಕ್ಕೆ ಕಾರಣ ನಿನ್ನ ನೆಟ್ ಒಂದೇ ಅಲ್ಲ, ನಾನೂ ಹೌದು. ನಿನಗೆ ಗೊತ್ತಲ್ಲ, ನನ್ನ ಫೋಟೋದಲ್ಲಿ ರೆಪ್ಪೆಯ ಕೂದಲು ಎಣಿಸುವ ಹಾಗಿರಬೇಕು. ಗೋಡೆ ತುಂಬುವಂಥ ಚಿತ್ರಗಳನ್ನೇ ವೆಬ್‌ಸೈಟಿಗೂ ತುರುಕಿದ್ದೆ. ಭಾರವಾಯಿತು ಎಂದು ಸೊಸೆ ಹೇಳಿದ್ದಕ್ಕೆ, ಪುಟದಲ್ಲಿ ಅವನ್ನು ಅಂಚೆಚೀಟಿಯಷ್ಟು ಕಾಣುವಂತೆ ಮಾಡಿ ಮೀಸೆ ತಿರುವಿದೆ. ಅವಳು ನಕ್ಕುಬಿಟ್ಟಳು. "ಮಾವ, ಕಾಣೋದಕ್ಕೆ ಮಾತ್ರ ಚಿಕ್ಕದು. ಒಳಗೆ ಫೈಲು ಹಾಗೇ ಇದೆ, ಅಷ್ಟೂ ಭಾರ ಸಮುದ್ರ ದಾಟಬೇಕು."

ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಫೈಲನ್ನೇ ಹಗುರ ಮಾಡುವುದನ್ನು ಕಲಿಸಿದಳು. ಮೊದಲು ಅಗಲ ಇಳಿಸಬೇಕು, ಮತ್ತೆ ಗುಣಮಟ್ಟವನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತ ಬರಬೇಕು. ಹಿಂದಿನ ಪರದೆಯ ನೇಯ್ಗೆ ಹೋಯಿತು, ಮಗುವಿನ ಫ್ರಾಕಿನ ಹೂಗಳ ಅಂಚು ಕರಗಿತು. ಜೀವ ಹಿಂಡಿದಂತಾಯಿತು ಕಣೇ. ಎಲ್ಲಿ ನಿಲ್ಲಿಸಲಿ ಎಂದು ಸೊಸೆ ಕೇಳಿದಳು. ಕಣ್ಣಿನ ತುಂಟತನ ಕಾಣುತ್ತಿರುವವರೆಗೂ ಇಳಿಸು, ಅದು ಮಾಯವಾದರೆ ಒಂದು ಹೆಜ್ಜೆ ಹಿಂದಕ್ಕೆ ಬಾ ಎಂದೆ. ಚಿತ್ರ ಬರುವ ಮುಂಚೆ ಮೋಡದಂಥ ಮಸುಕೊಂದು ಬರುವ ಹಾಗೂ ಮಾಡಿದ್ದಾಳೆ. ಗಾಬರಿಯಾಗಬೇಡ, ಸ್ವಲ್ಪ ಕಾಯು, ಅದರ ಹಿಂದೆಯೇ ಮುಖ ಬರುತ್ತದೆ.

ಈಗೀಗ ಕಣ್ಣು ಮುಚ್ಚಿದರೆ ಸಾಕು, ಚಿತ್ರಗಳು ನೀರಿನ ಮೇಲೆ ತೇಲಿಕೊಂಡು ಹೋಗುತ್ತವೆ. ಒಂದೂ ನೆನೆಯುವುದಿಲ್ಲ. ನೀನು ದಡದಲ್ಲಿ ಸೆರಗು ಹಾರಿಸಿಕೊಂಡು ನಿಂತು ಒಂದೊಂದನ್ನೇ ಎತ್ತಿಕೊಳ್ಳುತ್ತೀಯ. ಹಗಲಲ್ಲೇ ಕನಸು ಕಾಣುವ ಮುದುಕ ಎಂದು ನಿನ್ನಮ್ಮ ಛೇಡಿಸುತ್ತಾಳೆ. ಛೇಡಿಸಲಿ ಬಿಡು.

ಸಾಮಾನಿನ ದೋಣಿಯವನು ಪತ್ರಕ್ಕಾಗಿ ಬಾಗಿಲಲ್ಲಿ ನಿಂತಿದ್ದಾನೆ. ಹೊಟ್ಟೆ ತುಂಬ ಉಣ್ಣು, ನೆಮ್ಮದಿಯ ನಿದ್ದೆ ಬರಲಿ, ನೂರು ಕಾಲ ಬಾಳು ತಾಯೀ.

ನಿನ್ನ
ಅಪ್ಪ

ತಾ.ಕ.: ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಮಸುಕು ಸರಿಯಾಗಿ ಬರುತ್ತದೋ ನೋಡಲು ಸೊಸೆ ನಿನ್ನೆ ಯಾವುದೋ ಫೋಟೋ ಹಾಕಿ, ನೆಟ್ಟನ್ನು ನಿನ್ನ ನಡುಗಡ್ಡೆಯಲ್ಲಿರುವಷ್ಟೇ ನಿಧಾನ ಮಾಡಿದಳು. ಯಾರ ಫೋಟೋ ಎಂದು ನಮಗೆ ಹೇಳಿರಲಿಲ್ಲ. ಮಗು ನನ್ನ ತೊಡೆಯ ಮೇಲಿತ್ತು. ಬಂದದ್ದು ಬರೀ ಕಂದು ಬಣ್ಣದ ಮಸುಕು. ಕಣ್ಣೆಲ್ಲಿ, ಮೂಗೆಲ್ಲಿ ಎಂದು ನಾನಿನ್ನೂ ಹುಡುಕುತ್ತಿದ್ದೆ. ನಿನ್ನ ಮಗಳು ಅದರ ಮೇಲೆ ಬೆರಳಿಟ್ಟು "ಅಮ್ಮ" ಎಂದಳು. ಆಮೇಲೆ ಮಸುಕು ಸರಿದು ಮುಖ ಬಂತು, ನೀನೇ.