ಗೋಡೆಗಿಂತ ಮೊದಲು ಬಾಗಿಲು

ಚನ್ನರಾಯಪಟ್ಟಣ
೯ ಮಾರ್ಚ್ ೨೦೨೫

ಮುದ್ದು ನಿಧಿ,

ನಾನು ಕ್ಷೇಮ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದರೆ ನೀನೂ ಕ್ಷೇಮವೇ. ಹಾಸನದ ಆ ಬಾಡಿಗೆ ಕೋಣೆಯಲ್ಲಿ ನೀನೂ ರೂಪಶ್ರೀಯೂ ಬರೀ ಚಿತ್ರಾನ್ನದಲ್ಲೇ ದಿನ ತಳ್ಳುತ್ತಿದ್ದೀರೆಂದು ನನಗೆ ಗೊತ್ತು, ಸುಳ್ಳು ಹೇಳಬೇಡ. ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಮದುವೆಗಳ ಕಾಲ, ಹೊಲಿಗೆ ಮಿಷಿನ್ ಬಿಟ್ಟು ಏಳಲಿಕ್ಕೇ ಆಗಲಿಲ್ಲ. ಈ ಊರಿನ ಹೆಂಗಸರಿಗೆಲ್ಲ ಬ್ಲೌಸು ನಾಳೆಯೇ ಬೇಕು.

ನೀವಿಬ್ಬರೂ ಮಾಡುತ್ತಿರುವ ಮನೆ ಕಟ್ಟುವ ಆಟವನ್ನು ಹಳೇ ಲ್ಯಾಪ್‌ಟಾಪಿಗೆ ಹಾಕಿಕೊಟ್ಟು ಹೋದೆಯಲ್ಲ, "ಅಮ್ಮ, ಇನ್ನೂ ಅರ್ಧಂಬರ್ಧ ಆಗಿದೆ. ಆಡಿ ನೋಡಿ ಅನ್ಸಿದ್ದನ್ನ ಬರೆದು ಕಳ್ಸು. ಫೋನಲ್ಲಾದ್ರೆ ನೀನು ಎಲ್ಲಾ ಚೆನ್ನಾಗದೆ ಅಂದ್ಬುಡ್ತೀಯ" ಎಂದು. ಬರೆಯುತ್ತಿದ್ದೇನೆ. ಎಲ್ಲಾ ಚೆನ್ನಾಗಿಲ್ಲ.

ಆಕಾಶ ಚೆನ್ನಾಗಿದೆ. ತೆಂಗಿನ ಮರ ನೋಡಿದ ಕೂಡಲೇ ನುಗ್ಗೇಹಳ್ಳಿಯ ನಮ್ಮ ತವರಿನ ತೋಟದವು ಎಂದು ಗುರುತು ಹಿಡಿದೆ, ಖುಷಿಯಾಯಿತು. ಆದರೆ ಬುಡ ಕಡಿದರೂ ಮರ ಬೀಳದೆ ಗಾಳಿಯಲ್ಲೇ ನಿಂತಿರುತ್ತದಲ್ಲ, ಅದೇನು ಕಥೆ? ನೀರು ಮೊಗೆಯಲು ಹೋದರೆ ಇಟ್ಟಿಗೆಯ ಹಾಗೆ ಒಂದು ತುಂಡು ಕಿತ್ತು ಬಂತು. ಇರುವ ಒಂದೇ ಹಸು ಗೋಡೆಯೊಳಗಿಂದ ತೂರಿಕೊಂಡು ಹೋಗುತ್ತದೆ. ಜನರಂತೂ ಒಬ್ಬರೂ ಇಲ್ಲ. ಎಲ್ಲಿ ಒತ್ತಿದರೂ 'ಈ ಭಾಗ ಇನ್ನೂ ಸಿದ್ಧವಾಗಿಲ್ಲ' ಎಂಬ ಬರಹ. ನೀನು ಅಡುಗೆ ಕಲಿಯುತ್ತಿದ್ದ ದಿನಗಳು ನೆನಪಾದವು.

ಒಂದು ಸಲ ಪಾಯ ಅಗೆಯುತ್ತಾ ನನ್ನ ಕಾಲಡಿಯನ್ನೇ ಅಗೆದುಕೊಂಡು ಗುಂಡಿಯೊಳಗೆ ಬಿದ್ದೆ. ಏನು ಒತ್ತಿದರೂ ಮೇಲೆ ಬರಲಾಗಲಿಲ್ಲ. ಗಾಬರಿಯಲ್ಲಿ "ಅಯ್ಯೋ, ಬಿದ್ದೆ" ಎಂದು ಕೂಗಿಬಿಟ್ಟೆನಂತೆ. ಪಕ್ಕದ ಮನೆಯ ಲಕ್ಕಮ್ಮ ಸೊಪ್ಪು ಬಿಡಿಸುತ್ತಿದ್ದವಳು ಹಾಗೇ ಓಡಿಬಂದಳು.

"ಎಲ್ ಬಿದ್ಯಕ್ಕಾ?"

"ಗುಂಡಿಗೆ ಬಿದ್ದೀನಿ ಕಣೇ."

"ಕುರ್ಚಿ ಮ್ಯಾಲೆ ಕುಂತಿದ್ದೀಯಲ್ಲಕ್ಕ! ಬ್ಲೌಸ್ ಒಲ್ದು ಒಲ್ದು ತಲೆ ಕೆಟ್ಟೋಯ್ತಾ ಎಂಗೆ?"

ಆಮೇಲೆ ಅವಳೂ ಪಕ್ಕದಲ್ಲೇ ಕೂತಳು. ಅವಳ ಸೊಪ್ಪು ಒಲೆಯ ಮೇಲೆ ಹೋಗುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಪಾಯ ಮುಗಿಸಿ, ಹೊಸ್ತಿಲು ಹಾಕಿ, ಬಾಗಿಲ ಚೌಕಟ್ಟು ನಿಲ್ಲಿಸಿದೆ. ಮಿಣುಕ್ ಎಂದು ಮಾಯ! ತಿರುಗಿ ಆಟದ ಸಾಮಾನು ಚೀಲಕ್ಕೇ ಬಂದು ಕೂತಿತ್ತು. ಮತ್ತೆ ಇಟ್ಟೆ, ಮತ್ತೆ ಮಾಯ. ರೂಪಶ್ರೀಗೆ ಫೋನು ಮಾಡಿದರೆ, "ಆಂಟಿ, ಮೊದ್ಲು ಗೋಡೆ ಕಟ್ಟಿ, ಆಮೇಲೆ ಅದ್ರೊಳಗೆ ಬಾಗ್ಲು ಕೂರ್ಸಿ" ಎಂದಳು. ಯಾವ ಊರಿನಲ್ಲಮ್ಮ ಹಾಗೆ ಕಟ್ಟುತ್ತಾರೆ? ನಮ್ಮ ಕಡೆ ಮೊದಲು ಬಾಗಿಲು ಪೂಜೆ, ಚೌಕಟ್ಟು ನಿಂತ ಮೇಲೆ ಅದರ ಅಕ್ಕಪಕ್ಕ ಗೋಡೆ ಏಳಬೇಕು. ನೀನು ಇದೇ ನೆಲದಲ್ಲಿ ಹುಟ್ಟಿದವಳು, ನಿನಗೂ ಹೊಳೆಯಲಿಲ್ಲವೇ? ಆಕೆ ಹೇಳಿದಂತೆ ಗೋಡೆ ಕಟ್ಟಿ ಕೂರಿಸಿದೆ, ನಿಂತಿತು. ಮನಸ್ಸಿಗೆ ಸರಿಬರಲಿಲ್ಲ, ಎಲ್ಲಾ ಕೆಡವಿದೆ. ದಿನವೂ ಹೊಲಿಗೆ ಮುಗಿಸಿ ಒಂದು ಸಲ ಬಾಗಿಲು ಇಟ್ಟು ನೋಡುತ್ತೇನೆ. ನಿಲ್ಲುತ್ತಿಲ್ಲ. ಹಸು ಹೇಗಾದರೂ ಇರಲಿ, ನೀರು ಹೇಗಾದರೂ ಇರಲಿ, ಅದೊಂದನ್ನು ಸರಿಮಾಡಿಕೊಡು.

ಅಂದಹಾಗೆ, ಹೋದ ತಿಂಗಳು ಹೊಳೆನರಸೀಪುರದಲ್ಲಿ ನಟರಾಜ ಮಾವನ ಹೊಸ ಮನೆಯ ಬಾಗಿಲು ಪೂಜೆಯಾಯಿತು. ನೀನು ಬರಲಿಲ್ಲವೆಂದು ಮಾವನಿಗೆ ಬೇಸರ. ಹೊನ್ನೆ ಮರದ ಚೌಕಟ್ಟು, ಗಟ್ಟಿಯಾಗಿದೆ. ಗಾರೆಯವರು ಎರಡು ಕಡೆ ಕೋಲು ಆನಿಸಿ ನಿಲ್ಲಿಸಿದರು. ಗೋಡೆಯಿಲ್ಲ ಏನಿಲ್ಲ, ಬಯಲಲ್ಲಿ ಬಾಗಿಲೊಂದೇ, ಅದರೊಳಗಿಂದ ಆಚೆಯ ರಾಗಿ ಹೊಲ ಕಾಣುತ್ತಿತ್ತು. ನೋಡಲು ಬಹಳ ಚೆಂದ. ಊಟಕ್ಕೆ ಹೋಳಿಗೆ ಮಾಡಿಸಿದ್ದರು, ನಿನಗೆಂದು ಕಟ್ಟಿಸಿಕೊಂಡು ಬಂದದ್ದನ್ನು ಲಕ್ಕಮ್ಮನಿಗೆ ಕೊಟ್ಟೆ.

ಮುಂದೆ ಆಟದೊಳಗೆ ಜನರನ್ನೂ ಬಿಡುತ್ತೇವೆ, ಅವರು ಓಡಾಡುತ್ತಾರೆ, ಮಾತಾಡುತ್ತಾರೆ ಎಂದಿದ್ದೆ. ಒಳ್ಳೆಯದು. ನಿಮ್ಮಪ್ಪ ಇದ್ದಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಅವರ ಪಾಲಿನ ಹೆಮ್ಮೆಯನ್ನೂ ನಾನೇ ಪಡುತ್ತಿದ್ದೇನೆ. ಹಿಡಿದ ಕೆಲಸ ಕೈಗೂಡಲಿ, ನಿಮ್ಮಿಬ್ಬರ ಕಣ್ಣಿಗೂ ಕೈಗೂ ಆಯಾಸವಾಗದಿರಲಿ. ತಲೆಗೆ ಎಣ್ಣೆ ಹಚ್ಚಿಕೋ.

ಇಂತಿ ನಿನ್ನ ಅಮ್ಮ,
ಪ್ರೇಮಕುಮಾರಿ

ಮತ್ತೊಂದು ಮಾತು. ಮರೆತಿರಲಿಲ್ಲ, ಬರೆಯಲೋ ಬೇಡವೋ ಎಂದು ನೋಡುತ್ತಿದ್ದೆ. ನಟರಾಜನ ಬಾಗಿಲಿಗೆಂದು ನಾನೇ ಅರಿಶಿನದ ಬಟ್ಟೆ ಹೊಲಿದು, ನವಧಾನ್ಯದ ಗಂಟು ಕಟ್ಟಿಕೊಂಡು ಹೋಗಿದ್ದೆ. ಪೂಜೆಯ ಹೊತ್ತಿಗೆ "ಮುತ್ತೈದೆಯರು ಬನ್ರವ್ವಾ" ಎಂದು ಕರೆದರು. ನಾನೂ ಎದ್ದುಬಿಟ್ಟೆ. ನಿಮ್ಮಪ್ಪ ಹೋಗಿ ಇಷ್ಟು ಕಾಲವಾದರೂ ಆ ಮಾತಿಗೆ ಕಾಲು ತಾನಾಗಿ ಏಳುತ್ತದೆ. ನಟರಾಜ ಓಡಿಬಂದು ಗಂಟನ್ನು ನನ್ನ ಕೈಯಿಂದ ತೆಗೆದುಕೊಂಡು, "ಅಕ್ಕಾ, ಬಿಸ್ಲು ಜಾಸ್ತಿ ಅದೆ, ನೀನು ಆ ನೆಳ್ಳಾಗೆ ಕುಂತ್ಕ" ಎಂದ. ಪ್ರೀತಿಯಿಂದಲೇ ಅಂದ, ಕುರ್ಚಿಯನ್ನೂ ಹಾಕಿಸಿದ. ನನ್ನ ಸೊಂಟದ ಮೇಲೆ ಬೆಳೆದ ಹುಡುಗ. ಅವನ ಮೇಲೆ ಕೋಪವಿಲ್ಲ, ಆದರೆ ತುಂಬಾ ನೋವಾಯಿತು ಕಣೇ. ಹೊಂಗೆ ಮರದ ಕೆಳಗೆ ಕೂತು, ನಾನು ಕಟ್ಟಿದ ಗಂಟನ್ನು ಬೇರೆಯವರು ಬಾಗಿಲಿಗೆ ಕಟ್ಟುವುದನ್ನು ನೋಡಿದೆ.

ನಿನ್ನ ಆಟದಲ್ಲಿ ನೆರಳಿಗೆ ಹೋಗು ಎನ್ನುವವರು ಇನ್ನೂ ಯಾರೂ ಇಲ್ಲ. ಅಲ್ಲಿ ಜನ ಬರುವುದಕ್ಕೆ ಮೊದಲು ಆ ಬಾಗಿಲು ನಿಲ್ಲುವಂತೆ ಮಾಡು ಮಗಳೇ. ಅವರು ಬರುವ ಹೊತ್ತಿಗೆ ನಾನು ಇಟ್ಟು ಮುಗಿಸಿರಬೇಕು.