ಬಿಷಪ್ಪನ ಎದೆಯ ಮೇಲಿನ ಒಂಬತ್ತು

ಲಾ ಮತಿಯಾ ತೋಪು, ಎಸ್ತ್ರೆಮದೂರಾ
ಜೂನ್ 17, 2025, ಮಂಗಳವಾರ

ಈ ಮಹಾಸಭೆಯಲ್ಲಿ ನಿಂತೇ ಆಸೀನರಾಗಿರುವ ಮಾನ್ಯ ಓಕ್ ಮರಗಳೇ, ಜೋಲುಗಿವಿಯ ಕರಿಹಂದಿಗಳೇ, ಯಾರಿಗೂ ಕಿವಿಗೊಡದ ಕುರಿಮಂದೆಗಳೇ, ಮತ್ತು ಹನ್ನೊಂದು ದಿನಗಳಿಂದ ಅಕ್ಕನ ಮನೆಯಲ್ಲಿ ಕೂತು ಸಮುದ್ರದ ಗಾಳಿ ಸೇವಿಸುತ್ತಿರುವ ಪ್ರೀತಿಯ ಕಸಿಲ್ದಾ,

ವಿವಾದ ಸಭೆಗೆ ತಿಳಿದದ್ದೇ. ಕಾರ್ಕ್ ಮರದ ತೊಗಟೆ ಸುಲಿದ ಮೇಲೆ ಬೆತ್ತಲೆ ಕಾಂಡಕ್ಕೆ ಆ ವರ್ಷದ ಕೊನೆಯ ಅಂಕಿಯನ್ನು ಬಣ್ಣದಲ್ಲಿ ಬರೆಯುತ್ತೇವೆ. ಮತ್ತೆ ಒಂಬತ್ತು ವರ್ಷ ತುಂಬುವ ತನಕ ಕೊಡಲಿ ಮುಟ್ಟಿಸುವುದಿಲ್ಲ. ಬಾವಿಯ ಬಳಿಯ ಮರಗಳೆಲ್ಲ ಆರು. ಅಂದರೆ 2016, ಅಂದರೆ ಈ ಬೇಸಿಗೆಯೇ ಸರದಿ. ನಡುವೆ ಹೊಟ್ಟೆ ಬಿಟ್ಟುಕೊಂಡು ನಿಂತ, ನಾವು ಬಿಷಪ್ಪ ಎಂದು ಕರೆಯುವ ಕುಳ್ಳ ಮರದ ಎದೆಯ ಮೇಲೆ ಮಾತ್ರ ಒಂಬತ್ತು. ಅಂದರೆ 2019, ಅಂದರೆ ಇನ್ನೂ ಮೂರು ವರ್ಷ ಮುಟ್ಟುವಂತಿಲ್ಲ.

"ಅದು ನಮ್ಮಪ್ಪ ಸುಲಿದ ಕೊನೇ ಮರ ಕಣೋ. ಆರೇ. ನೀರು ತಂದ್ಕೊಟ್ಟೋಳು ನಾನು" ಎಂದೆ ನೀನು. "ನೆನಪಿಗೆ ತೂತಿರುತ್ತೆ, ಬಣ್ಣಕ್ಕಿರಲ್ಲ" ಎಂದೆ ನಾನು. "ಹಾಗಾದ್ರೆ ಬಣ್ಣದ ಜೊತೇನೇ ಸಂಸಾರ ಮಾಡು" ಎಂದು ನೀನು ಬಸ್ಸು ಹತ್ತಿದೆ.

ಸಂಸಾರ ಚೆನ್ನಾಗಿ ನಡೆದಿದೆ. ನಾನು ಮಾಡಿದ ಗಸ್ಪಾಚೊ ಸಾರನ್ನು ನಾಯಿ ಮೂಸಿ ನೋಡಿ, ನನ್ನ ಮುಖ ನೋಡಿ, ಗೇಟಿನ ಬಳಿ ಹೋಗಿ ಮಲಗಿತು. ನೀನಿಲ್ಲದ ಬಿಡುವಿನಲ್ಲಿ ಪ್ರಾಸವೂ ಹುಟ್ಟಿದೆ:

ಆರು ಎಂದವಳು ಊರು ಬಿಟ್ಟಳು,
ಒಂಬತ್ತೆಂದವನು ಒಣಗಿ ಕೆಟ್ಟನು.

ಹಂದಿಗಳಿಗೆ ಓದಿ ಹೇಳಿದೆ. ಒಂದು ಗೊರಕ್ ಎಂದಿತು. ಮೆಚ್ಚುಗೆ ಎಂದೇ ತಿಳಿದಿದ್ದೇನೆ.

ನಿನ್ನೆ ಸುಲಿಯುವವರ ಮುಖಂಡ ನಿಕಾಸಿಯೊ ಬಂದಿದ್ದ. "ಏನಪ್ಪಾ ಎಲಾದಿಯೊ, ಹೆಂಡ್ತಿ ಇಲ್ದಿದ್ರೆ ಎಣಿಸೋಕೂ ಬರಲ್ವಾ? ಶುಕ್ರವಾರ ಕೊಡಲಿ ತರ್ತೀನಿ. ಬಿಷಪ್ಪನ್ನ ಮುಟ್ಲೋ ಬಿಡ್ಲೋ ಅಷ್ಟ್ ಹೇಳು. ಎಳೇ ತೊಗಟೆ ಎಳೆದ್ರೆ ಮರ ನರಳುತ್ತೆ, ಬಿಟ್ರೆ ನಿನ್ ಕಸಿಲ್ದಾ ಬರಲ್ಲ" ಎಂದು ನನ್ನ ವೈನನ್ನೇ ಕುಡಿದು ನಕ್ಕು ಹೋದ.

ಆದ್ದರಿಂದ ಇವತ್ತು ಬೆಳಿಗ್ಗೆ ಕೂಲಂಕಷ ಪರಿಶೀಲನೆಗಾಗಿ ಬಿಷಪ್ಪನನ್ನು ಹತ್ತಿದೆ. ಕವಲಿನಲ್ಲಿ ಕೂತು ಕೆಳಗೆ ಬಗ್ಗಿದರೆ, ಸಭಾಸದರೇ, ಒಂಬತ್ತು ಎಲ್ಲಿದೆ? ದುಂಡುದುಂಡಗೆ ಆರು! ಯಾರೋ ಮೇಲೆ ಕೂತು, ಕೆಳಗೆ ಕೈ ಚಾಚಿ, ತಲೆಕೆಳಗಾಗಿ ಬರೆದಿದ್ದಾರೆ. ಯಾವ ಪುಣ್ಯಾತ್ಮ, ಯಾತಕ್ಕೆ, ಎಂಬುದನ್ನು ಇತಿಹಾಸಕ್ಕೇ ಬಿಡೋಣ.

ತೀರ್ಪು ಇಷ್ಟು: ಗೆದ್ದವಳು ನೀನು. ಮರ ನಿನ್ನಪ್ಪ ಸೆವೆರಿಯಾನೊ ಸುಲಿದದ್ದೇ. ಅದಾದ ಚಳಿಗಾಲದಲ್ಲೇ ಅವರು ತೀರಿಕೊಂಡರೆಂಬುದನ್ನು ನಾನು ಮರೆತಿಲ್ಲ. ಅವರ ಕೊಡಲಿಗೆ ಸಾಣೆ ಹಿಡಿದಿಟ್ಟಿದ್ದೇನೆ. ಗುರುವಾರದ ಬಸ್ಸಿಗೆ ಬಾ. ಬಿಷಪ್ಪನ ಮೇಲೆ ಮೊದಲ ಏಟು ನಿನ್ನದು.

ಇಂತಿ ನಿನ್ನ ನಾಯಿಯ ಜೊತೆ ಗೇಟು ಕಾಯುತ್ತಿರುವ,
ಎಲಾದಿಯೊ

ಮರೆತ ಮಾತು: ಆ ಪುಣ್ಯಾತ್ಮ ನಾನೇ. ಅವತ್ತು ನೀನೂ ನಿನ್ನಪ್ಪನೂ ಊಟಕ್ಕೆ ಹೋಗಿದ್ದಾಗ ನಮ್ಮ ಹೆಣ್ಣುಹಂದಿ ಮಾರ್ಕೆಸಾ ಮರಿಗಳ ಸಮೇತ ಬಂದು ನನ್ನನ್ನು ಮರ ಹತ್ತಿಸಿದಳು. ಬಣ್ಣದ ಡಬ್ಬಿ ಕೈಯಲ್ಲೇ ಇತ್ತು. ಇಳಿಯುವ ಧೈರ್ಯ ಬರಲಿಲ್ಲ, ಕೂತಲ್ಲಿಂದಲೇ ಬರೆದೆ. ಇವತ್ತು ಹತ್ತಿದ್ದೂ ಪರಿಶೀಲನೆಗಲ್ಲ. ಅವಳ ಮಗಳು ಹತ್ತಿಸಿದಳು. ನೀನು ಆರು ಎಂದ ಕ್ಷಣವೇ ಎಲ್ಲ ನೆನಪಾಗಿತ್ತು, ಕಸಿಲ್ದಾ. ಹಂದಿಗೆ ಹೆದರಿದೆನೆಂದು ಹೇಳಲಾರದೆ ನಿನ್ನ ಅಪ್ಪನ ನೆನಪನ್ನೇ ಸುಳ್ಳು ಮಾಡಿದೆ.