ಆಕರಪಟ್ಟಿಗೆ ಒಂದು ಹೆಸರು

ನೊನೌಟಿ ದ್ವೀಪ
11 ಜೂನ್ 1998

ನನ್ನ ಮುದ್ದಿನ ಮಗಳು ರಕೇರಾಳಿಗೆ,

ನಿನ್ನ ಅಪ್ಪ ತೆಬಾನೋ ಮಾಡುವ ಆಶೀರ್ವಾದ. ಇಲ್ಲಿ ನಾನು, ನಿನ್ನ ಅವ್ವ, ಮನೆಯ ಹಂದಿಗಳು, ಎಲ್ಲರೂ ಸೌಖ್ಯ. ಸುವಾದಲ್ಲಿ ನೀನೂ ಸೌಖ್ಯವಾಗಿದ್ದೀಯೆ ಎಂದು ನಂಬಿದ್ದೆ. ನಿನ್ನ ಕಾಗದ ಓದಿದ ಮೇಲೆ ಆ ನಂಬಿಕೆ ಅಲುಗಾಡುತ್ತಿದೆ.

ಉತ್ತರ ತಡವಾಯಿತು, ಕೋಪ ಮಾಡಿಕೊಳ್ಳಬೇಡ. ನಿನ್ನ ಕಾಗದ ಬಂದ ಮೇಲೆ ಮೂರು ಸಲ ವಿಮಾನ ಬಂದು ಹೋಯಿತು. ಮೊದಲ ಸಲ ಚಾವಡಿಯ ಹಿರಿಯರು ಇನ್ನೂ ಕೂಡಿರಲಿಲ್ಲ. ಎರಡನೆಯ ಸಲ ಪಂಚಾಯತಿಯ ಗುಮಾಸ್ತೆ ತಂಗಿಯ ಮದುವೆಗೆ ಹೋಗಿದ್ದಳು, ಊರಿನ ಮುದ್ರೆ ಅವಳ ಪೆಟ್ಟಿಗೆಯೊಳಗಿತ್ತು. ಮೂರನೆಯ ಸಲಕ್ಕೆ ಮಾತ್ರ ನನ್ನ ಹತ್ತಿರ ಒಳ್ಳೆಯ ಕಾರಣವಿಲ್ಲ. ಲಕೋಟೆ ಹಿಡಿದು ವಿಮಾನದ ಬಯಲಿಗೆ ಹೋಗಿದ್ದೆ, ಅದನ್ನು ಹಾಗೇ ಮನೆಗೆ ವಾಪಸು ತಂದೆ. ನಿನ್ನ ಅವ್ವ ಕೇಳಿದ್ದಕ್ಕೆ ವಿಮಾನ ತುಂಬಿತ್ತು ಎಂದೆ. ಕಾಗದ ಇಡಲೂ ಜಾಗವಿಲ್ಲದಷ್ಟು ತುಂಬುವ ವಿಮಾನವನ್ನು ಅವಳು ಇದುವರೆಗೆ ಕಂಡಿರಲಿಲ್ಲವಂತೆ.

ನಿನ್ನ ಕಾಗದವನ್ನು ಅವಳಿಗೆ ಎರಡು ಸಲ ಓದಿ ಹೇಳಿದೆ. ನೀನು ನಮ್ಮ ಬಬಾಯಿ ಗಡ್ಡೆ ಬೆಳೆಯುವ ಗುಂಡಿಗಳ ಮೇಲೆ ಬರೆದ ಪ್ರಬಂಧವನ್ನು ನಿನ್ನ ಕಾಲೇಜಿನ ಲಿತಿಯಾ ಮೇಡಂ ತಡೆಹಿಡಿದಿದ್ದಾರೆ, ಅದರೊಳಗಿನ ಒಂದು ಪುಟ ಹಳೆಯ ಕಾಲದ ಪೆಂಡ್ರಿ ಎಂಬ ಬಿಳಿಯನ ವರದಿಯಲ್ಲಿ ಇದ್ದ ಹಾಗೇ ಇದೆ, ಬೇರೆಯವರ ಮಾತನ್ನು ಹೆಸರು ಹೇಳದೆ ಎತ್ತಿಕೊಂಡಿದ್ದೀಯೆ ಎಂದು ನಿನ್ನ ಮೇಲೆ ದೂರಾಗಿದೆ ಎಂಬುದನ್ನು ಕೇಳಿದಾಗ ಅವಳ ಕೈಯಲ್ಲಿದ್ದ ಚಾಪೆಯ ಗರಿ ಹಾಗೇ ನಿಂತಿತು. ಮೂವತ್ತನೆಯ ತಾರೀಕು ಸಮಿತಿ ಕೂಡುತ್ತದೆ, ಕಳವು ಎಂದು ತೀರ್ಮಾನವಾದರೆ ನಿನ್ನನ್ನು ಕಾಲೇಜಿನಿಂದ ಕಳಿಸಿಬಿಡುತ್ತಾರೆ ಎಂಬ ಸಾಲಿಗೆ ಬಂದಾಗ ಎದ್ದೇ ನಿಂತಳು.

"ನನ್ನ ಮಗಳು ಕಳ್ಳಿಯಾ? ಅವಳ ಮನೆ ಗುಂಡಿಯ ಗಡ್ಡೆ ಅವಳು ಕಿತ್ತರೆ ಕಳ್ಳತನವಾ? ಆ ಮೇಡಂನ ಇಲ್ಲಿಗೆ ಕಳಿಸಿಕೊಡು ಅಂತ ಬರೀರಿ. ಸೊಂಟದ ತನಕ ಕೆಸರಿಗೆ ಇಳಿಸ್ತೀನಿ. ಆಮೇಲೆ ಹೇಳಲಿ ಯಾರದ್ದು ಯಾರು ಕದ್ದರು ಅಂತ!"

"ಮೇಡಂ ಒಳ್ಳೆಯವರು ಕಣೇ, ಒಂದು ತಿಂಗಳು ಅವಕಾಶ ಕೊಟ್ಟಿದ್ದಾರೆ," ಎಂದೆ.

"ಒಳ್ಳೆಯವರಾದರೆ ಒಳ್ಳೆಯ ಕೆಸರಿಗೆ ಇಳಿಸ್ತೀನಿ, ಬಿಡಿ."

ನನಗೆ ಮೇಡಂ ಮೇಲೆ ಸಿಟ್ಟಿಲ್ಲ ಮಗಳೇ. ಹೋದ ಕ್ರಿಸ್ಮಸ್ ರಜೆಯಲ್ಲಿ ನೀನು ಗುಂಡಿಯ ದಂಡೆಯ ಮೇಲೆ ಕೂತು ನನಗೆ ಇದನ್ನೆಲ್ಲ ವಿವರಿಸಿದ್ದು ನೆನಪಿದೆ. ಮೊದಲು ಒಂದು ಪ್ರಶ್ನೆ ಬೇಕು ಅಂದಿದ್ದೆ, ಉತ್ತರ ಗೊತ್ತಿಲ್ಲದ ಪ್ರಶ್ನೆ. ದೊಡ್ಡ ಅಲೆಗಳ ಕಾಲದಲ್ಲಿ ಉಪ್ಪುನೀರು ನುಗ್ಗಿ ಬೇರೆಯವರ ಬಬಾಯಿ ಕೊಳೆತರೂ ನಮ್ಮದು ಯಾಕೆ ಉಳಿಯಿತು ಎಂಬುದೇ ನಿನ್ನ ಪ್ರಶ್ನೆಯಾಗಿತ್ತು. ಆಮೇಲೆ ಹಂದರ, ಯಾವ ಭಾಗದ ಹಿಂದೆ ಯಾವ ಭಾಗ ಬರಬೇಕು ಅಂತ. ಆಮೇಲೆ ಓದು, ಕೇಳು, ಚೀಟಿ ಬರಿ. ಒಂದು ಚೀಟಿಗೆ ಒಂದೇ ಸಂಗತಿ, ಮೂಲೆಯಲ್ಲಿ ಹೇಳಿದವರ ಹೆಸರು. ಗಾಳಿ ಬಂದು ಚೀಟಿಗಳು ಗುಂಡಿಗೆ ಬಿದ್ದವು. ನಾವಿಬ್ಬರೂ ಎಲೆಗಳ ಕೆಳಗೆ ನುಸುಳಿ ಒಂದೊಂದಾಗಿ ಆರಿಸಿದೆವು. ಎಷ್ಟೋ ಚೀಟಿಗಳ ಮೂಲೆಯಲ್ಲಿ 'ಅಪ್ಪ' ಎಂದಿತ್ತು. ನನಗೆ ಆಗ ಆದ ಸಂತೋಷವನ್ನು ನಿನಗೆ ಹೇಳಲಿಲ್ಲ. ಕೆಸರು ಒರೆಸುವ ನೆಪದಲ್ಲಿ ಅದನ್ನೇ ಓದುತ್ತಾ ನಿಂತಿದ್ದೆ.

ಪ್ರಬಂಧ ಬರೆಯುವಾಗ ಆ ಹೆಸರನ್ನು ಯಾಕೆ ಬಿಟ್ಟೆ ಎಂದು ನೀನು ಬರೆದದ್ದನ್ನು ಕೇಳಿ ನಿನ್ನ ಅವ್ವ ಅತ್ತಳು. 'ನಮ್ಮ ಮನೆಯ ವಿದ್ಯೆ, ನಮ್ಮ ಅಪ್ಪ ಹೇಳಿದ್ದು ಎಂದು ನಾನೇ ಬರೆದುಕೊಂಡರೆ ಜಂಬ ಕೊಚ್ಚಿದ ಹಾಗಾಗುತ್ತದೆ ಎಂದು ನಾಚಿಕೆಯಾಯಿತು. ಅದಕ್ಕೇ ಇಲ್ಲಿಯ ಜನ ಹೇಳುತ್ತಾರೆ ಎಂದಷ್ಟೇ ಬರೆದೆ' ಎಂದಿದ್ದೀಯೆ. ಇದನ್ನು ಸುವಾದ ಸಮಿತಿಗೆ ಯಾರು ತಿಳಿಸಿ ಹೇಳಬೇಕು? ಈ ದ್ವೀಪದಲ್ಲಿ ಮಕ್ಕಳನ್ನು ಹೀಗೇ ಬೆಳೆಸುತ್ತೇವೆ. ದೊಡ್ಡ ಮೀನು ಹಿಡಿದವನೂ ಬರೀ ಗಾಳ ಚೆನ್ನಾಗಿತ್ತು ಅನ್ನಬೇಕು. ನೀನು ಒಳ್ಳೆಯ ಮನೆಯ ಹುಡುಗಿಯ ಹಾಗೆ ನಡೆದುಕೊಂಡೆ. ಅದೇ ಕಳವಿನ ಹಾಗೆ ಕಂಡಿತು.

ಲಿತಿಯಾ ಮೇಡಂ ಕೇಳಿದ್ದು ಎರಡು ಸಂಗತಿ ತಾನೇ? ಆ ಮಾತು ನಿಮ್ಮ ಮನೆಯದೇ ಎಂಬುದಕ್ಕೆ ಸಾಕ್ಷಿ ಏನು, ಮತ್ತು ನಿಮ್ಮ ಮನೆಯ ಗುಟ್ಟು ಪೆಂಡ್ರಿಯ ವರದಿಗೆ ಹೇಗೆ ಹೋಯಿತು. ಇದನ್ನು ಹಿರಿಯರ ಮುಂದಿಡದೆ ನಾನೊಬ್ಬನೇ ಬರೆಯುವ ಹಾಗಿರಲಿಲ್ಲ. ಮನೆಯಾಬಾ ಚಾವಡಿಯಲ್ಲಿ ನಮ್ಮ ಜಾಗದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಹಿರಿಯ ತನಿಯೇರಾ ಅಜ್ಜ ಕಣ್ಣು ಮುಚ್ಚಿ ಕೇಳಿದರು.

"ಮೂಲ ಯಾರು ಅಂತ ಕೇಳಿದರೆ ಅವಳ ಅಜ್ಜ ಅಂತ ಬರೆದರೆ ಆಯ್ತಪ್ಪ," ಅಂದರು.

"ಹೆಸರು, ಊರು, ಹೇಳಿದ ದಿನ ಬೇಕಂತೆ ಅಜ್ಜ. ಪುಸ್ತಕವಾದರೆ ಪುಟದ ಸಂಖ್ಯೆಯೂ ಬೇಕಂತೆ."

ಬೌರೋ ಮಾವ ಎಂದಿನ ಹಾಗೆ ಕಂಬಕ್ಕೆ ಒರಗಿದ್ದವನು ನೆಟ್ಟಗೆ ಕೂತ. "ನಿಮ್ಮಪ್ಪ ಎಷ್ಟನೇ ಪುಟದಲ್ಲಿದ್ದಾನೋ? ನನ್ನ ಕೋಳಿ ಅವನ ಗುಂಡಿಗೆ ಇಳಿದಾಗ ನನಗೆ ಬೈದನಲ್ಲ, ಅದು ಯಾವ ಪುಟ ಅಂತ ಸ್ವಲ್ಪ ನೋಡಿ ಹೇಳು."

"ಹೇಳಿದ ದಿನ ಅಂತ ಏನು ಬರೀತೀಯ? ಅವನು ಸತ್ತೇ ಹದಿನೆಂಟು ವರ್ಷವಾಯ್ತು," ಎಂದರು ಇನ್ನೊಬ್ಬರು.

"ಬದುಕಿದ್ದಾಗ, ಸಿಟ್ಟಿಲ್ಲದ ಒಂದು ದಿನ ಅಂತ ಬರಿ," ಎಂದ ಬೌರೋ ಮಾವ. "ಅಂಥ ದಿನ ಒಂದೇ ಇತ್ತು, ಹುಡುಕೋದು ಸುಲಭ."

ಚಾವಡಿಯೆಲ್ಲ ನಕ್ಕಿತು. ತನಿಯೇರಾ ಅಜ್ಜ ಮಾತ್ರ ನಗಲಿಲ್ಲ. "ಹುಡುಗಿಯ ಹೆಸರು ಕೆಡುತ್ತಿದೆ, ನಿಮಗೆ ನಗು," ಎಂದು ಗದರಿ, ಅಷ್ಟು ಜನರ ಮುಂದೆ ಗುಂಡಿಗೆ ಗೊಬ್ಬರದ ಎಲೆ ಹಾಕುವ ಕ್ರಮದ ಆ ಸಾಲುಗಳನ್ನು ಬಾಯಿಬಿಟ್ಟು ಹೇಳು ಎಂದು ನನಗೆ ಅಪ್ಪಣೆ ಕೊಟ್ಟರು. ಹೇಳಿದೆ. ಮೊದಲ ಎಲೆ ಗಡ್ಡೆಗೆ ಹಸಿವು ಹುಟ್ಟಿಸುತ್ತದೆ, ಎರಡನೆಯದು ಉಣಿಸುತ್ತದೆ, ಮೂರನೆಯದು ಹೊದಿಸಿ ಮಲಗಿಸುತ್ತದೆ. ಮೂರನೆಯದನ್ನು ಅವಸರಪಟ್ಟು ಹಾಕಿದವನ ಗುಂಡಿಗೆ ಸಮುದ್ರ ಬರುತ್ತದೆ. ನಿನ್ನ ಅಜ್ಜ ಇದನ್ನು ಗುಂಡಿಯೊಳಗೆ ನಿಂತು ಪಿಸುದನಿಯಲ್ಲಿ ಹೇಳುತ್ತಿದ್ದರು ಎಂದು ಇಬ್ಬರು ಮುದುಕರು ಸಾಕ್ಷಿ ನುಡಿದರು. ಹಾಗಾದರೆ ನಿಮಗೆ ಹೇಗೆ ಕೇಳಿಸಿತು ಎಂದು ಯಾರೂ ಕೇಳಲಿಲ್ಲ. ಪಕ್ಕದ ಗುಂಡಿಯವರ ಕಿವಿ ಯಾವಾಗಲೂ ಚುರುಕು.

ಇನ್ನು ಎರಡನೆಯ ಸಂಗತಿ. ಅದಕ್ಕೆ ಚಾವಡಿಯಲ್ಲಿ ಚರ್ಚೆಯೇ ಆಗಲಿಲ್ಲ. "ಆ ಬಿಳಿಯನಿಗೆ ಹೇಳಿದ್ದು ಯಾರು ಅಂತ ಈ ಊರಲ್ಲಿ ಯಾರಿಗೆ ಗೊತ್ತಿಲ್ಲ?" ಎಂದರು ತನಿಯೇರಾ ಅಜ್ಜ. "ನಬೂವಾ. ಅವನ ಹೆಸರು ಬರೆದು ಮುದ್ರೆ ಒತ್ತಿ ಕಳಿಸಿ. ಅವನು ಎಲ್ಲೋ ದೂರದಲ್ಲಿದ್ದಾನೆ, ಅವನಿಗೆ ಹೊಸದಾಗಿ ಆಗೋದೇನಿದೆ? ಹುಡುಗಿ ಉಳೀತಾಳೆ."

ನಿನ್ನ ದೊಡ್ಡಪ್ಪ ನಬೂವಾನನ್ನು ನೀನು ನೋಡಿಲ್ಲ. ಕೇಳಿದ್ದೀಯೆ ಅಷ್ಟೆ. ನನಗಿಂತ ನಾಲ್ಕು ವರ್ಷ ದೊಡ್ಡವನು. ಪೆಂಡ್ರಿ ಇಲ್ಲಿ ಮೂರು ತಿಂಗಳು ಇದ್ದಾಗ ಅವನ ಪೆಟ್ಟಿಗೆ ಹೊತ್ತು, ಅವನ ಜೊತೆ ಮೀನಿಗೆ ಹೋಗಿ, ಊರಿನವರ ಬಾಯಿಗೆ ಬಿದ್ದವನು ಅವನೇ. ಎರಡು ವರ್ಷದ ಮೇಲೆ ಅಚ್ಚಾದ ವರದಿಯನ್ನು ಬೇಸಾಯದ ಅಧಿಕಾರಿ ಇದೇ ಚಾವಡಿಯಲ್ಲಿ ನಮ್ಮ ಮಾತಿಗೆ ತಿರುಗಿಸಿ ಓದಿದಾಗ ನಿನ್ನ ಅಜ್ಜ ಎದ್ದು ಹೊರಗೆ ಹೋದರು. ಹಿರಿಯ ಮಗನಿಗೆ ಸಲ್ಲಬೇಕಾದ ಗುಂಡಿಗೆ ಅವನು ಇನ್ನು ಕಾಲಿಡಕೂಡದು ಎಂದರು. ಮುಂದಿನ ವರ್ಷ ಅವನು ಸೊಲೊಮನ್ ದ್ವೀಪಗಳಿಗೆ ಹೋಗುವವರ ಹಡಗು ಹತ್ತಿದ. ಗುಂಡಿ ನನಗೆ ಬಂತು. ಪ್ರತಿ ಕ್ರಿಸ್ಮಸ್‌ಗೆ ಅವನ ಕಾಗದ ಬರುತ್ತದೆ. ಮಕ್ಕಳ ವಿಷಯ, ದೋಣಿಯ ವಿಷಯ, ನೆಗಡಿಯ ವಿಷಯ ಎಲ್ಲ ಇರುತ್ತದೆ. ಗುಂಡಿ ಹೇಗಿದೆ ಎಂದು ಮಾತ್ರ ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ.

ಗುಮಾಸ್ತೆ ಬೆರಳಚ್ಚು ಮಾಡಿದಳು. ಮೂವರು ಹಿರಿಯರು ಸಹಿ ಮಾಡಿದರು. ನಾನೂ ಮಾಡಿದೆ. ಮುದ್ರೆ ಚೆನ್ನಾಗಿ ಮೂಡಿದೆ. ಇದು ನಿನಗೆ ಸಾಕಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ.

ಊಟ ಬಿಡಬೇಡ. ನಿನ್ನ ಅವ್ವ ಒಣಮೀನನ್ನೂ ನೀರಾ ಕಾಯಿಸಿದ ಪಾಕವನ್ನೂ ಕಳಿಸುತ್ತಿದ್ದಾಳೆ. ಪಾಕದ ಶೀಸೆಗೆ ಮೂರು ಬಟ್ಟೆ ಸುತ್ತಿದ್ದಾಳೆ, ಅದರಲ್ಲಿ ಒಂದು ನನ್ನ ಒಳ್ಳೆಯ ಅಂಗಿ. ಪ್ರಬಂಧವನ್ನು ಮತ್ತೆ ತಿದ್ದಿ ಬರೆಯಲು ಮೈಯಲ್ಲಿ ಕಸುವಿರಬೇಕು. ನಿನಗೆ ಆರೋಗ್ಯ, ನೆಮ್ಮದಿ, ಏಳಿಗೆ ಮೂರೂ ಇರಲಿ. ನೀನು ನೆಟ್ಟದ್ದು ಬೇರು ಬಿಡಲಿ.

ನಿನ್ನ ಅಪ್ಪ,
ತೆಬಾನೋ

ಮರೆಯದೆ ಓದು:

ಇದನ್ನು ಮಾರನೆಯ ಬೆಳಿಗ್ಗೆ ವಿಮಾನದ ಬಯಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಮುದ್ರೆಯ ಕಾಗದವನ್ನು ಹುಡುಕಬೇಡ. ಅದನ್ನು ಲಕೋಟೆಯಿಂದ ತೆಗೆದುಬಿಟ್ಟೆ. ಅದರಲ್ಲಿದ್ದದ್ದು ಸುಳ್ಳು.

ಪೆಂಡ್ರಿಗೆ ಹೇಳಿದವನು ನಾನು. ಆಗ ನನಗೆ ಹದಿನಾರು ವರ್ಷ. ಮನೆಯಲ್ಲಿ ನನ್ನನ್ನು ಯಾರೂ ಯಾವುದನ್ನೂ ಕೇಳುತ್ತಿರಲಿಲ್ಲ, ಚಿಕ್ಕ ಮಗನನ್ನು ಏನು ಕೇಳುವುದು? ಆ ಮನುಷ್ಯ ಕೇಳಿದ. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತಾ ಬರೆದುಕೊಂಡ. ನನ್ನ ಮಾತು ಕಾಗದದ ಮೇಲೆ ಸಾಲಾಗಿ ನಿಲ್ಲುವುದನ್ನು ಕಂಡು ಮೈಮರೆತೆ. ಕೊನೆಗೆ ಹೆದರಿಕೆಯಾಗಿ ಹೆಸರು ಹಾಕಬೇಡಿ ಎಂದು ಬೇಡಿಕೊಂಡೆ. ಅವನು ಮಾತು ಉಳಿಸಿಕೊಂಡ. ವರದಿಯಲ್ಲಿ 'ಹೆಸರು ಬೇಡವೆಂದ ಒಬ್ಬ ಯುವಕ' ಎಂದಿದೆಯಲ್ಲ, ಅದು ನಾನು.

ಇನ್ನೂ ಒಂದಿದೆ. ಆ ವಿದ್ಯೆ ಆಗ ನನಗೆ ಗೊತ್ತಿರಬಾರದಿತ್ತು. ನಿನ್ನ ಅಜ್ಜ ಅದನ್ನು ಹಿರಿಯ ಮಗನಿಗೆ ಮಾತ್ರ ಕೊಟ್ಟಿದ್ದರು. ನಾನು ಕೇಳಿ ಕೇಳಿ ಪೀಡಿಸಿದ್ದಕ್ಕೆ ನಬೂವಾ ಕದ್ದು ಕಲಿಸಿದ್ದ. ಅಧಿಕಾರಿ ವರದಿ ಓದಿದ ದಿನ ಅಪ್ಪ ನಬೂವಾನ ಕಡೆ ನೋಡಿದರು. ನಬೂವಾ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಅವನು "ಹೌದು" ಎಂದೂ ಹೇಳಲಿಲ್ಲ, "ಅಲ್ಲ" ಎಂದೂ ಹೇಳಲಿಲ್ಲ. ಆಮೇಲೆ ಅವನ ಪಾಲಿನ ಗುಂಡಿಯಲ್ಲಿ ನಾನು ಎಲೆ ಹಾಕುತ್ತಾ ಬಂದೆ. ನಿನಗೆ ಗಡ್ಡೆ ಉಣಿಸಿ ಬೆಳೆಸಿದೆ.

ನಿನ್ನ ಅವ್ವನಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಅವಳು "ಭಾವನಿಗೆ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು."

"ಗೊತ್ತಿದ್ದೂ ಪ್ರತಿ ವರ್ಷ ನಿಮ್ಮ ನೆಗಡಿ ವಿಚಾರಿಸ್ತಾರಾ?" ಎಂದು ಹೇಳಿ, ಒಣಮೀನಿನ ಪೊಟ್ಟಣವನ್ನು ಬಿಚ್ಚಿ ಎರಡು ಮಾಡಿದಳು. ಒಂದರ ಮೇಲೆ ಅವನ ವಿಳಾಸ ಬರೆದಿದ್ದೇನೆ. ಸುವಾದಿಂದ ಅವನ ಕಡೆಗೆ ಹೋಗುವ ಅಂಚೆಗೆ ಅದನ್ನು ಹಾಕು. ಅವನಿಗೂ ಒಂದು ಕಾಗದ ಬರೆಯಲು ಕೂತಿದ್ದೆ. 'ಅಣ್ಣಾ' ಎಂಬಲ್ಲಿಗೆ ನಿಂತಿದೆ.

ಇದರ ಜೊತೆಗಿರುವುದು ನಾನು ಕೈಯಾರೆ ಬರೆದ ಹಾಳೆ. ಇದಕ್ಕೆ ಮುದ್ರೆ ಇಲ್ಲ. ಸಮಿತಿಗೆ ಇದು ಸಾಲುತ್ತದೋ ಇಲ್ಲವೋ ನನಗೆ ತಿಳಿಯದು. ಅದೇ ನನ್ನ ಎದೆಯಲ್ಲಿ ಚುಚ್ಚುತ್ತಿದೆ. ಆ ಸುಳ್ಳು ನಿನ್ನನ್ನು ಖಂಡಿತ ಉಳಿಸುತ್ತಿತ್ತು. ಮೇಡಂ ಅವರು ಪಂಚಾಯತಿಯ ರೇಡಿಯೋ ಫೋನಿಗೆ ಕರೆ ಮಾಡಲಿ, ನಾನು ನನ್ನ ಬಾಯಿಂದಲೇ ಹೇಳುತ್ತೇನೆ. ಶನಿವಾರ ಚಾವಡಿಯಲ್ಲೂ ಎದ್ದು ಹೇಳುತ್ತೇನೆ. ಬೌರೋ ಮಾವನಿಗೂ ಅವತ್ತು ತಮಾಷೆ ಹೊಳೆಯಲಿಕ್ಕಿಲ್ಲ.

ವಿಮಾನ ಕಾಣಿಸುತ್ತಿದೆ. ಪ್ರಬಂಧವನ್ನು ಹೊಸದಾಗಿ ಬರೆಯುವಾಗ ಆಕರಪಟ್ಟಿಯಲ್ಲಿ ನಾಚಿಕೆಪಡದೆ ಹೆಸರು ಹಾಕು, ಊರು ಹಾಕು, ವರ್ಷ ಹಾಕು. ನಬೂವಾನ ಹೆಸರಿನ ಮುಂದೆ ಹೇಳಿದವನು ಎಂದು ಬರೆಯಬೇಡ ಮಗಳೇ. ಕಲಿಸಿದವನು ಎಂದು ಬರೆ. ಹೇಳಿದವನು ನಾನು.